ಫ್ರೀ ಸರ್ವಿಸ್

"ಬೋರ್ಡಲ್ಲಿ ಒಂದು ಬೆಲೆ, ಬಿಲ್ಲಲ್ಲಿ ಇನ್ನೊಂದು. ಕೇಳಿದ್ರೆ, ಅದು ನಿನ್ನೆ ಆಫರ್ ಸರ್, ಆದ್ರೆ ಐದು ವರ್ಷ ಸರ್ವಿಸ್ ಫ್ರೀ ಅಂದ್ರಿ. ಎಲ್ರೀ ಸರ್ವಿಸ್? ವಾಷಿಂಗ್ ಮಷೀನ್ ತುಂಬ ನೀರು ನಿಂತು ನಾರ್ತಾ ಇದೆ. ಫೋನ್ ಮಾಡಿದ್ರೆ ಬರೀ ಹಾಡು ಕೇಳಿಸ್ತೀರಿ!"

ದರ್ಜಿಯ ಕೂಗು ಎಲೆಕ್ಟ್ರಾನಿಕ್ಸ್ ಮಳಿಗೆಯ ಆ ತುದಿಯವರೆಗೆ ಹೋಗಿ ಮರಳಿ ಬಂತು. ತಡೆಯಲು ನಡುವೆ ಸಾಮಾನೇ ಇರಲಿಲ್ಲ. ಫ್ರಿಜ್ಜುಗಳು ನಿಲ್ಲುತ್ತಿದ್ದ ಕಡೆ ನೆಲದ ಮೇಲೆ ಚೌಕ ಚೌಕವಾದ ಕಲೆಗಳಷ್ಟೇ ಉಳಿದಿದ್ದವು. ಅಷ್ಟು ದೊಡ್ಡ ಅಂಗಡಿಗೆ ಇದ್ದವನು ಮ್ಯಾನೇಜರ್ ಒಬ್ಬನೇ. ಟೈ ಕಟ್ಟಿಕೊಂಡಿದ್ದ, ಕೈಯಲ್ಲಿ ಧೂಳು ಒರೆಸುವ ಬಟ್ಟೆಯಿತ್ತು.

"ಸರ್ವಿಸ್ ಹುಡುಗರನ್ನೆಲ್ಲ ಹೆಡ್ಡಾಫೀಸಿನವರು ತೆಗೆದುಬಿಟ್ರು ಸರ್. ನಾನೇನು ಮಾಡ್ಲಿ?"

"ನನ್ನ ಕೇಳ್ತೀರಾ? ನಾನು ಪ್ಯಾಂಟಿನ ಒಂದು ಕಾಲು ಹೊಲಿದು ಕೊಟ್ಟು, ಇನ್ನೊಂದು ಕಾಲು ಹೊಲಿಯೋನು ಕೆಲಸ ಬಿಟ್ಟ ಅಂದ್ರೆ ನೀವು ಹಾಕ್ಕೊಂಡು ಹೋಗ್ತೀರಾ?"

ಗಾಜಿನ ಬಾಗಿಲ ಹೊರಗೆ ಯಾರೋ ಗಂಡ ಹೆಂಡತಿ ನಿಂತು ಒಳಗೆ ಇಣುಕಿದರು. ಕರೆಂಟು ಉಳಿಸಲೆಂದು ಆರಿಸಿಟ್ಟಿದ್ದ ಟಿವಿಗಳ ಗೋಡೆಯತ್ತ ಮ್ಯಾನೇಜರ್ ಲಗುಬಗೆಯಿಂದ ರಿಮೋಟ್ ಒತ್ತಿದ. ಅವರು ಬರಲಿಲ್ಲ.

"ತಮ್ಮಾ!"

ಕರೆ ಬಂದದ್ದು ದರ್ಜಿಯ ಬೆನ್ನ ಹಿಂದಿನಿಂದ. ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಒಣಗಿತು. ಅವನನ್ನು ಹಾಗೆ ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ತೀರಿಕೊಂಡು ಆರು ತಿಂಗಳಾಗಿತ್ತು.

ತಿರುಗಿದ. ಗೋಡೆಯ ತುಂಬ ಅಕ್ಕ. ಒಂದು ಟಿವಿಯಲ್ಲಿ ಹಸಿರು ಹಸಿರಾಗಿ, ಇನ್ನೊಂದರಲ್ಲಿ ನೀಲಿಯಾಗಿ, ಮೂಲೆಯ ಟಿವಿಯಲ್ಲಿ ನಡುವೆ ಬಿರುಕು ಬಿಟ್ಟುಕೊಂಡು. ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಕಣ್ಣು ಕಿರಿದು ಮಾಡಿ ಏನನ್ನೋ ಓದುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಬಾಯಿ ತೆರೆಯಿತು. "ತಮ್ಮಾ! ಇಲ್ಲಿ ನೋಡೋ, ಇದು ಬೆಲೇನೋ ಫೋನ್ ನಂಬರೋ!" ಆಮೇಲೆ ಆ ನಗು, ನಗು ಮುಗಿಯುವ ಮೊದಲೇ ಬಾಯಿಗೆ ಅಡ್ಡ ಬರುವ ಆ ಕೈ. ಚಿತ್ರ ಕಡಿದು, ಮತ್ತೆ ಮೊದಲಿನಿಂದ ಬಗ್ಗಿದಳು.

ವಾಷಿಂಗ್ ಮಷೀನ್ ಕೊಳ್ಳಲು ಇಬ್ಬರೂ ಬಂದಿದ್ದ ದಿನ ಅದು. ಟಿವಿಗಳ ಮುಂದೆ ಸ್ಟ್ಯಾಂಡಿನ ಮೇಲೆ ಒಂದು ಕ್ಯಾಮೆರಾ ಇಟ್ಟಿದ್ದರು, ಬೆಲೆಯ ಚೀಟಿ ಅದರ ಕೆಳಗೆ ನೇತಾಡುತ್ತಿತ್ತು. ಅಕ್ಕ ಯಾವ ವಸ್ತುವನ್ನೂ ಮುಟ್ಟಿ ನೋಡದೆ ಬಿಟ್ಟವಳಲ್ಲ. ಅದು ತನ್ನನ್ನು ನೋಡುತ್ತಿದೆ ಎಂದು ಗೊತ್ತಾಗಿದ್ದರೆ ಅಲ್ಲಿ ನಿಲ್ಲುತ್ತಲೂ ಇರಲಿಲ್ಲ. ಫೋಟೋ ಎಂದರೆ ಓಡುತ್ತಿದ್ದವಳು. ಮನೆಯ ಫೋಟೋಗಳಲ್ಲಿ ಅವಳದ್ದೆಂದು ಇದ್ದದ್ದು ಒಂದು ಬೆನ್ನು, ಅಡ್ಡ ಹಿಡಿದ ಒಂದು ಕೈ. ಈಚೆಗೆ ದರ್ಜಿ ಹೊಲಿಯುವುದನ್ನು ನಡುವೆ ನಿಲ್ಲಿಸಿ ಅವಳನ್ನು ಕೇಳಿಸಿಕೊಳ್ಳಲು ನೋಡುತ್ತಿದ್ದ. ಅವಳ ಮಾತುಗಳು ನೆನಪಿಗೆ ಬರುತ್ತಿದ್ದವು, ದನಿ ಬರುತ್ತಿರಲಿಲ್ಲ.

ಅವನು ನಡೆದು ಹೋಗಿ ಗೋಡೆಯೆದುರು ನಿಂತ. ಮಷೀನ್ ನೀವೇ ಇಟ್ಟುಕೊಳ್ಳಿ, ಇದೊಂದನ್ನು ನನಗೆ ಕೊಡಿ ಎನ್ನಬೇಕಿತ್ತು. ಬಾಯಿಂದ ಹೊರಟದ್ದು ಬೇರೆ ಮಾತು.

"ಇದು... ಆವತ್ತಿಂದ ಹೀಗೇ ಇದೆಯಾ?"

ಮ್ಯಾನೇಜರ್ ಅದನ್ನೂ ಒಂದು ದೂರು ಎಂದುಕೊಂಡ.

"ಸಾರಿ ಸರ್, ಸಾರಿ. ಈ ಕ್ಯಾಮೆರಾ ಗಿರಾಕಿಗಳು ಒತ್ತಿ ನೋಡ್ಲಿ ಅಂತ ಇಟ್ಟಿರೋದು. ಬಟನ್ ಒತ್ತಿದ್ರೆ ಎದುರಿಗಿರೋರನ್ನ ಹಿಡ್ಕೊಂಡು ಅದನ್ನೇ ತೋರಿಸ್ತಾ ಇರುತ್ತೆ. ಇನ್ನೊಬ್ರು ಒತ್ತಿದ್ರೆ ಹಳೇದು ಅಳಿಸಿ ಹೋಗುತ್ತೆ. ಜನವೇ ಇಲ್ಲ, ಒತ್ತೋರ್ಯಾರು? ಬಂದೋರಿಗೆಲ್ಲ ಯಾರೋ ಹೆಂಗಸು ಬಾಯಿ ಬಿಟ್ಕೊಂಡು ಬೆಲೆ ಜಾಸ್ತಿ ಅಂತ ಸಾರ್ತಾ ಇದ್ರೆ ವ್ಯಾಪಾರ ಎಲ್ಲಿಂದ ಆಗ್ಬೇಕು? ನೀವು ಬೈದದ್ದು ಸರಿಯಾಗೇ ಇದೆ ಸರ್. ಒಂದೇ ನಿಮಿಷ."

ದರ್ಜಿ ಕೈ ಎತ್ತಿದ. ಮ್ಯಾನೇಜರ್ ಅಷ್ಟರಲ್ಲಿ ಕ್ಯಾಮೆರಾದ ಬಟನ್ನಿನತ್ತ ಓಡಿದ್ದ. ಆ ಅಂಗಡಿಯಲ್ಲಿ ಯಾರಾದರೂ ಗಿರಾಕಿಗಾಗಿ ಓಡಿದ್ದನ್ನು ದರ್ಜಿ ನೋಡಿದ್ದು ಅದೇ ಮೊದಲು.

"ಅಕ್ಕಾ!"

ಗೋಡೆ ಒಮ್ಮೆಲೇ ಕಪ್ಪಾಯಿತು. ನಂತರ ಬೆಳಗಿತು. ಅದೇ ಮೂಗು, ಅದೇ ಹಣೆ, ಹಾಗೇ ತೆರೆದ ಬಾಯಿ. ಅವಳು ಹೋಗಿಲ್ಲ ಎಂದುಕೊಂಡ ದರ್ಜಿ. ಆಮೇಲೆ ಆ ಮುಖದ ಕೆಳಗೆ, ಕೊರಳಿನಿಂದ ಜೋತುಬಿದ್ದಿದ್ದ ಅಳತೆಯ ಟೇಪು ಕಣ್ಣಿಗೆ ಬಿತ್ತು.

"ಈಗ ನೋಡಿ ಸರ್, ಎಷ್ಟು ಕ್ಲಿಯರಾಗಿದೆ," ಎಂದು ಮ್ಯಾನೇಜರ್ ಕ್ಯಾಮೆರಾದ ಕಣ್ಣನ್ನು ಬಟ್ಟೆಯಿಂದ ಒರೆಸಿದ.

ಅವನ ಹಿಂದೆ, ಹಸಿರು ಟಿವಿಯಲ್ಲಿ, ನೀಲಿ ಟಿವಿಯಲ್ಲಿ, ಬಿರುಕು ಬಿಟ್ಟ ಮೂಲೆಯ ಟಿವಿಯಲ್ಲಿ ದರ್ಜಿಯ ಕೈ ಮತ್ತೆ ಮೇಲೆದ್ದಿತು. ಗೋಡೆ ಕೂಗಿತು: "ಅಕ್ಕಾ!" ಕಡಿಯಿತು. ಮತ್ತೆ ಮೊದಲಿನಿಂದ ಕೂಗಿತು.