ರಾಜ ಕೊಟ್ಟ ಮಾತು

"ನಮ್ಮನ್ನ ಊರಿಗೆ ಕಳಿಸೋವಾಗ ರಾಜ ಒಬ್ಬೊಬ್ಬರನ್ನೂ ತಬ್ಬಿಕೊಂಡು ಅತ್ತುಬಿಟ್ಟ, ಮಾವ. ನಿಜವಾಗ್ಲೂ ಅತ್ತ," ಎಂದ ಡೆರ್ಡಾಸ್.

ಅಂಗಳದ ಅಂಜೂರದ ಮರದಡಿ ಕೂತು ಪಕ್ಕದ ಮನೆಯ ಮುದುಕ ಗ್ಲಾಕಿಯಾಸ್ ಕಣ್ಣರಳಿಸಿ ಕೇಳುತ್ತಿದ್ದ. ಡೆರ್ಡಾಸ್ ಅಲೆಕ್ಸಾಂಡರನ ಸೈನ್ಯದಿಂದ ಮೆಸಿಡೋನಿಯಾದ ಈ ಹಳ್ಳಿಗೆ ಮರಳಿ ಒಂದು ತಿಂಗಳಾಗಿತ್ತು. ಹನ್ನೆರಡು ವರ್ಷದ ದಂಡಯಾತ್ರೆಯ ಕಥೆ ಮಾತ್ರ ಇನ್ನೂ ಮುಗಿದಿರಲಿಲ್ಲ. ಪರ್ಷಿಯಾದ ಚಕ್ರವರ್ತಿ ರಣರಂಗ ಬಿಟ್ಟು ಓಡಿದ್ದು, ಹಿಮದ ಬೆಟ್ಟ ದಾಟುವಾಗ ಹೇಸರಗತ್ತೆಗಳನ್ನು ಹಸಿಹಸಿಯಾಗಿ ತಿಂದದ್ದು, ಸಿಂಧೂ ನದಿಯಾಚೆ ಆನೆಗಳು ಸಾಲುಗಟ್ಟಿ ಎದುರಾದದ್ದು. ಹೆಂಡತಿ ಫಿಲಿನ್ನಾ ಬಾಗಿಲ ಬಳಿ ಜವೆಗೋಧಿಯ ಹಿಟ್ಟು ನಾದುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾದ ವರ್ಷವೇ ಹೊರಟುಹೋಗಿದ್ದ ಗಂಡ ಎಡಗೈಯ ಮೂರು ಬೆರಳು ಕಳೆದುಕೊಂಡು ಬಂದಿದ್ದ. ಊಟಕ್ಕೆ ಎದುರಿಗೊಬ್ಬರು ಕೂತಿರುವುದೇ ಅವಳಿಗೆ ದೊಡ್ಡದಾಗಿತ್ತು. ಆನೆಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೂ ಅವಳು ತುಟಿ ಬಿಚ್ಚಿರಲಿಲ್ಲ.

"ಅತ್ತು ಏನಂದ?" ಮುದುಕ ಕೆದಕಿದ.

"'ಇಲ್ಲಿ ಹುಟ್ಟಿದ ನಿಮ್ಮ ಮಕ್ಕಳನ್ನ ನನ್ನ ಹತ್ರ ಬಿಟ್ಟು ಹೋಗಿ. ನಮ್ಮವರ ಹಾಗೇ ಬೆಳೆಸ್ತೀನಿ. ದೊಡ್ಡವರಾದ ಮೇಲೆ ನಾನೇ ಕರ್ಕೊಂಡು ಬಂದು ಒಪ್ಪಿಸ್ತೀನಿ' ಅಂದ. ಆ ಮಾತು ನಂಬ್ಕೊಂಡು ನಾನೂ..."

ಡೆರ್ಡಾಸ್ ಅಲ್ಲಿಗೇ ನಿಲ್ಲಿಸಿದ. ನಿಲ್ಲಿಸಿದ್ದರಿಂದಲೇ ಎಲ್ಲ ಗೊತ್ತಾಗಿಹೋಯಿತು. ಗ್ಲಾಕಿಯಾಸ್ ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡಿ, "ನಮ್ಮ ಮೇಕೆ ಹಗ್ಗ ಬಿಚ್ಕೊಂಡ ಹಾಗಿದೆ," ಎನ್ನುತ್ತ ಎದ್ದು ಹೊರಟೇಬಿಟ್ಟ.

"ಎಷ್ಟು ಮಕ್ಕಳು?" ಫಿಲಿನ್ನಾ ತಲೆ ಎತ್ತದೆ ಕೇಳಿದಳು.

"ಒಂದೇ. ಹೆಣ್ಣು. ಅರ್ತಿಮಾ ಅಂತ. ಬಿಟ್ಟು ಬರೋವಾಗ ನಾಲ್ಕು ವರ್ಷ. ದಂಡು ದಾರೀಲೇ ಎರಡು ವರ್ಷ ಕಳೀತು, ಈಗ ಆರು."

"ಅವರಮ್ಮ?"

"ಮರಳುಗಾಡು ದಾಟೋವಾಗ ನೀರಿಲ್ಲದೆ ಸತ್ತಳು. ಆಮೇಲೆ ಮಗೂನ ಹೆಗಲ ಮೇಲೆ ಹೊತ್ಕೊಂಡೇ ಬಂದೆ." ಅವನು ನೆಲ ನೋಡಿದ. "ನಿನಗೆ ಹೇಳ್ಬೇಕು ಅಂತ ದಿನಾ ಬಾಯಿ ತೆಗೀತಿದ್ದೆ. ಆನೆ ಕಥೆ ಹೇಳ್ಬಿಡ್ತಿದ್ದೆ."

ಫಿಲಿನ್ನಾ ಹಿಟ್ಟಿಗೆ ಒಂದು ಗುದ್ದು ಕೊಟ್ಟಳು. ಇನ್ನೊಂದು ಕೊಟ್ಟಳು. ಹನ್ನೆರಡು ಚಳಿಗಾಲ ಒಬ್ಬಳೇ ಒಲೆ ಹೊತ್ತಿಸಿದ್ದ ಕೈ ಅದು. ನೋವಾಗುವವರೆಗೂ ಗುದ್ದಿ, ಆಮೇಲೆ ಮುಂಗೈಯಿಂದ ಮುಖ ಒರೆಸಿಕೊಂಡಳು.

"ರಾಜ ಸತ್ತು ವರ್ಷ ಕಳೀತು. ಮಗು ಈಗ ಯಾರ ಹತ್ರ ಇದೆ?"

"ಬಾಬಿಲೋನಿನ ಪಾಳೆಯದಲ್ಲಿ ಒಬ್ಬ ಮುದುಕಿ ಕೈಲಿ ಬಿಟ್ಟಿದ್ದೆ. ಈಗ ಸೇನಾಪತಿಗಳೇ ಕಚ್ಚಾಡ್ತಿದ್ದಾರೆ. ಗಂಡು ಹುಡುಗರಾದ್ರೆ ಸೈನ್ಯಕ್ಕೆ ಬೇಕಾಗ್ತಾರೆ ಅಂತ ಸಾಕ್ತಾರೆ. ಹೆಣ್ಣು ಮಗೂನ ಯಾರು..." ರಾಜನ ಸಾವಿನ ಸುದ್ದಿ ಹೇಳುವಾಗಲೂ ಅಳದಿದ್ದವನು ಬೆರಳಿಲ್ಲದ ಕೈಯಿಂದ ಕಣ್ಣು ಮುಚ್ಚಿಕೊಂಡ.

"ನಾಳೆ ಹೊರಡೋಣ," ಎಂದಳು ಅವಳು.

"ಎಲ್ಲಿಗೆ?"

"ಇನ್ನೆಲ್ಲಿಗೆ? ಬಾಬಿಲೋನಿಗೆ."

"ಹುಚ್ಚಿ! ಹೋಗೋಕೇ ಆರು ತಿಂಗಳು. ನದಿ, ಬೆಟ್ಟ, ದಾರಿ ತುಂಬ ಕಳ್ಳರು..."

"ರಾಜ ಕರೆದಾಗ ಇದನ್ನೆಲ್ಲ ಅವನಿಗೆ ಹೇಳಿದ್ಯಾ?"

"ನೀನು ಯಾಕೆ ಬರ್ತೀಯ, ನಾನೇ ಹೋಗಿ..." ಎಂದು ಡೆರ್ಡಾಸ್ ಮೆಲ್ಲಗೆ ಶುರು ಮಾಡಿದ.

"ನಿನ್ನೊಬ್ಬನ್ನೇ ಕಳಿಸಿದ್ರೆ ಇನ್ನೊಂದು ಹನ್ನೆರಡು ವರ್ಷ ಬರಲ್ಲ. ಏಳು, ಒಲೆಗೆ ಸೌದೆ ಹಾಕು. ದಾರಿಗೂ ಸೇರಿಸಿ ರೊಟ್ಟಿ ಸುಡಬೇಕು."

ಮೇಕೆಗಳನ್ನೂ ದ್ರಾಕ್ಷಿ ತೋಟವನ್ನೂ ಗ್ಲಾಕಿಯಾಸನಿಗೆ ಒಪ್ಪಿಸಿ ಇಬ್ಬರೂ ಹೋದರು. ಎರಡನೇ ವರ್ಷದ ದ್ರಾಕ್ಷಿ ಕೊಯ್ಲಿಗೆ ಮರಳಿ ಬಂದಾಗ ಕತ್ತೆಯ ಮೇಲೊಬ್ಬಳು ಎಂಟು ವರ್ಷದ ಹುಡುಗಿ ಕೂತಿದ್ದಳು. ಊರಲ್ಲಿ ಯಾರಿಗೂ ಬಾರದ ಭಾಷೆಯಲ್ಲಿ ಕತ್ತೆಯನ್ನು ಗದರಿಸುತ್ತಿದ್ದಳು. ಬಾಬಿಲೋನಿನಲ್ಲಿ ಸಿಗದೆ, ಕೊನೆಗೆ ಅದಕ್ಕೂ ಆಚೆ ಸೂಸಾ ಪಟ್ಟಣದ ಪಾಳೆಯದಲ್ಲಿ ಸಿಪಾಯಿಗಳಿಗೆ ನೀರು ಹೊರುತ್ತಿದ್ದಾಗ ಸಿಕ್ಕಿದ್ದಳಂತೆ.

ಮರುದಿನ ಫಿಲಿನ್ನಾ ಅಂಗಳದಲ್ಲಿ ಆ ಹುಡುಗಿಯ ಗಂಟುಗಟ್ಟಿದ ಕೂದಲು ಬಿಡಿಸುತ್ತ ಕೂತಿರುವಾಗ ಗ್ಲಾಕಿಯಾಸ್ ಬಂದ.

"ರಾಜ ಗೆದ್ದ ಊರೆಲ್ಲ ನೋಡ್ಕೊಂಡು ಬಂದ್ಯಲ್ಲೇ ತಾಯಿ! ಬಾಬಿಲೋನಿನ ಗೋಡೆ ಅಷ್ಟು ಎತ್ತರ ಇರೋದು ನಿಜವಾ? ನೀನಾದ್ರೂ ಸರಿಯಾಗಿ ಹೇಳು."

"ಗೋಡೆ ಎಲ್ಲಿ ನೋಡಿದೆ, ಮಾವ? ಇವಳನ್ನ ಹುಡುಕ್ತಾ ದಾರಿಯುದ್ದಕ್ಕೂ ಮಕ್ಕಳ ಮುಖ ನೋಡ್ಕೊಂಡು ಹೋದೆ," ಎಂದಳು ಫಿಲಿನ್ನಾ. ಬಾಚಣಿಗೆ ಹಿಡಿದ ಕೈ ಒಂದು ಗಳಿಗೆ ನಿಂತಿತು. "ಎಷ್ಟೊಂದು ಮಕ್ಕಳಿಗೆ ನಮ್ಮೂರವರ ಕಣ್ಣಿತ್ತು."