ಮೇಡಂ ಅವರ ಉಲ್ಲೇಖ

ಹೆಂಡತಿ ಸರ್ವಮಂಗಳಾ ತೀರಿಹೋಗಿ ತಿಂಗಳಾಗಿತ್ತು. ಅವಳ ನೆನಪಿನ ಪುಸ್ತಿಕೆಯಲ್ಲಿ ಅವಳ ಸಂಶೋಧನೆಯ ವಿವರ ಇರಲೇಬೇಕೆಂದು ಪಟ್ಟು ಹಿಡಿದವರು ಪರಮಶಿವಯ್ಯನವರೇ. ಇಬ್ಬರೂ ಒಂದೇ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸಿದವರು. ಪಂಚಾಯಿತಿಯ ಮಹಿಳಾ ಸದಸ್ಯರ ಬಗ್ಗೆ ಪರಮಶಿವಯ್ಯನವರು ಬರೆದ ಪುಸ್ತಕ ದೊಡ್ಡ ಹೆಸರು ಮಾಡಿತ್ತು. ಆದರೆ ಕೆಂಪು ಬಸ್ಸು ಹತ್ತಿ ಹಳ್ಳಿಹಳ್ಳಿ ಸುತ್ತಿ, ಆ ಹೆಂಗಸರ ಒಲೆಯ ಮುಂದೆ ಕೂತು ಮಾತಾಡಿಸಿಕೊಂಡು ಬಂದವಳು, ಅದನ್ನೆಲ್ಲ ಮೊದಲು ಲೇಖನವಾಗಿ ಅಚ್ಚುಹಾಕಿಸಿದವಳು ಸರ್ವಮಂಗಳಾ.

"ಬದುಕಿದ್ದಾಗ ಅವಳನ್ನ ಯಾರೂ ಗುರುತಿಸ್ಲಿಲ್ಲ. ಈಗಲಾದ್ರೂ ಗೊತ್ತಾಗ್ಲಿ," ಎಂದರು ಗ್ರಂಥಪಾಲಕಿ ಸಲ್ಮಾಗೆ.

ಸಲ್ಮಾ ಕಂಪ್ಯೂಟರಿನಿಂದ ಕಣ್ಣೆತ್ತಿದಳು. "ನಿಮ್ಮ ಪುಸ್ತಕವನ್ನ ಇನ್ನೂರ ಹನ್ನೆರಡು ಕಡೆ ಉಲ್ಲೇಖಿಸಿದ್ದಾರೆ ಸರ್. ಅದರಲ್ಲಿ ಹತ್ತೊಂಬತ್ತು ಮೇಡಂ ಅವರದೇ."

ಪರಮಶಿವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಅವಳು ಹಾಗೇನೇ. ಏನು ಬರೆದ್ರೂ ನನ್ನ ಹೆಸರು ಹೇಳ್ದೆ ಮುಗಿಸ್ತಿರ್ಲಿಲ್ಲ. ಅವಳ ಲೇಖನವನ್ನ ಎಷ್ಟು ಕಡೆ ಉಲ್ಲೇಖಿಸಿದ್ದಾರೆ ನೋಡಮ್ಮ."

"ನೋಡಿದೆ ಸರ್. ಯಾರೂ ಉಲ್ಲೇಖಿಸಿಲ್ಲ."

"ಯಾರೂ ಇಲ್ವಾ? ಸರಿಯಾಗಿ ನೋಡು. ಬೇರೆಯವರ ಮಾತು ಹಾಗಿರ್ಲಿ, ನನ್ನ ಪುಸ್ತಕದಲ್ಲೇ ಅವಳ ಹೆಸರಿದೆಯಲ್ಲ!"

ಸಲ್ಮಾ ಎದ್ದುಹೋಗಿ ಕಪಾಟಿನಿಂದ ಆ ಪುಸ್ತಕ ತಂದಳು. ಮೊದಲ ಪುಟಗಳನ್ನು ತಿರುವಿ, ಒಂದು ಕಡೆ ಬೆರಳಿಟ್ಟು, ತಲೆಯೆತ್ತದೆ ಹೇಳಿದಳು:

"ಇದೆ ಸರ್. ಲೇಖಕರ ಮಾತಿನ ಕೊನೇ ಸಾಲಲ್ಲಿ, ಹೊತ್ತುಹೊತ್ತಿಗೆ ಕಾಫಿ ಮಾಡಿಕೊಟ್ಟಿದ್ದಕ್ಕೆ."