ಬೀಗರ ಫೈನಲ್

"ನೋವಿಲ್ಲ ಕಣಮ್ಮಾ. ಬರಬಾರದು ಅಂತ, ಅಷ್ಟೇ," ಎಂದು ಮಾವ ಮೆಡಿಕಲ್ ಶಾಪಿನ ಗಾಜಿನ ಕೌಂಟರಿನ ಮೇಲೆ ಮೊಣಕೈ ಊರಿ ಪಿಸುಗುಟ್ಟಿದರು. ಅವರಿಗೆ ಬೇಕಿದ್ದದ್ದು ಊತ ಇಳಿಸುವ, ನೋವು ಮರೆಸುವ ಎರಡು ಮಾತ್ರೆ. ಇನ್ನೊಂದು ಗಂಟೆಗೆ ಐವತ್ತು ದಾಟಿದವರ ಬ್ಯಾಡ್ಮಿಂಟನ್ ಫೈನಲ್. ಮೂವತ್ತು ವರ್ಷ ಬಸ್ಸಿನ ಕ್ಲಚ್ ತುಳಿದ ಅವರ ಎಡಮೊಣಕಾಲು ಮೆಟ್ಟಿಲು ಹತ್ತುವಾಗ ಕಟಕಟ ಎನ್ನುವುದು ಮನೆಮಂದಿಗೆಲ್ಲ ಗೊತ್ತು. ಎದುರಾಳಿಗೆ ಮಾತ್ರ ಗೊತ್ತಾಗಬಾರದು. ಆ ಎದುರಾಳಿ ಬೇರಾರೂ ಅಲ್ಲ, ಕೌಂಟರಿನ ಹಿಂದೆ ನಿಂತಿದ್ದ ಸೊಸೆಯ ಹೆತ್ತ ಅಪ್ಪ.

"ತಿಂಡಿ ಆಯ್ತಾ ಮಾವ?"

"ಬರೀ ಕಾಫಿ. ಹೊಟ್ಟೆ ಭಾರ ಆದ್ರೆ ಓಡೋಕಾಗಲ್ಲ."

"ಬಿ.ಪಿ. ಮಾತ್ರೆ?"

"ಅದನ್ನ ತಪ್ಪಿಸಲ್ಲಮ್ಮಾ."

"ಹಂಗಾದ್ರೆ ಇದನ್ನ ನಾನು ಕೊಡಲ್ಲ. ಖಾಲಿ ಹೊಟ್ಟೆ, ಬಿ.ಪಿ. ಮಾತ್ರೆ, ಮೈಯೆಲ್ಲ ಬೆವರು, ಅದರ ಮೇಲೆ ಇದೂ ಬಿದ್ರೆ ಕಿಡ್ನಿ ಸುಮ್ನಿರುತ್ತಾ? ಎರಡು ಬಾಳೆಹಣ್ಣು ತಿನ್ನಿ, ನೀರು ಕುಡೀರಿ, ಆಡೋ ಮುಂಚೆ ಹತ್ತು ನಿಮಿಷ ಕೈಕಾಲು ಆಡಿಸಿ."

ಡಿಪೋ ಮ್ಯಾನೇಜರ್‌ಗೂ ಹೆದರದ ಮಾವ ತಲೆ ಕೆರೆದುಕೊಂಡರು. "ಸರಿ ಬಿಡು. ನಿಮ್ಮಪ್ಪನಿಗೆ ಮಾತ್ರ ಹೇಳ್ಬೇಡ." ಅವರು ಮೂಲೆಯ ಇನ್ನೊಂದು ಮೆಡಿಕಲ್ ಶಾಪಿಗೆ ತಿರುಗುತ್ತಾರೋ ಏನೋ ಎಂದು ಅವಳು ಕತ್ತು ಚಾಚಿ ನೋಡಿದಳು. ಇಲ್ಲ, ಹಣ್ಣಿನಂಗಡಿಯ ಮುಂದೆ ನಿಂತರು.

ಕಾಲು ಗಂಟೆಯೂ ಕಳೆದಿಲ್ಲ, ಮೀಸೆಯಲ್ಲಿ ಮರದ ಹೊಟ್ಟು ಅಂಟಿಸಿಕೊಂಡೇ ಅಪ್ಪ ಬಂದ. ಬಡಗಿ, ನಲವತ್ತು ವರ್ಷ ಗರಗಸ ಎಳೆದ ಬಲಭುಜ. "ಪುಟ್ಟೀ, ಯಾವಾಗ್ಲೂ ತಗೊಳ್ಳೋದು ಎರಡು ಕೊಡು," ಎಂದವನೇ ನಾಲಗೆ ಕಚ್ಚಿಕೊಂಡ.

"ಯಾವಾಗ್ಲೂ ಅಂದ್ರೆ?"

ಬಾಯಿ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರು ತಿಂಗಳಿಂದ ಪ್ರತಿ ಆಟಕ್ಕೆ ಮುಂಚೆ ನೋವಿನ ಮಾತ್ರೆ ಎರಡೆರಡು, ವರ್ಕ್‌ಶಾಪಿನ ಪಕ್ಕದ ಅಂಗಡಿಯಿಂದ; ಇವತ್ತು ಅದು ಬಾಗಿಲು ಹಾಕಿತ್ತು. ಈಚೆಗೆ ಎದೆಯುರಿ, ಹೊಟ್ಟೆಯುರಿ. ಅದಕ್ಕೆ ಬೇರೆ ಔಷಧಿ. ದಿನಕ್ಕೆ ನೂರು ಜನರಿಗೆ ಬುದ್ಧಿ ಹೇಳುವವಳು ಹೆತ್ತವನ ಹೊಟ್ಟೆ ಹೇಗಿದೆ ಎಂದು ಕೇಳಿರಲಿಲ್ಲ.

"ಅಪ್ಪ, ನಾಯಿ ಬೊಗಳುತ್ತೆ ಅಂತ ಅದರ ಬಾಯಿ ಕಟ್ಟಿ ಮಲಗಿದ್ರೆ ಕಳ್ಳ ವಾಪಸ್ ಹೋಗ್ತಾನಾ? ನೋವು ಮರೆಸಿಬಿಟ್ರೆ ಭುಜದಲ್ಲಿ ಏನೋ ಹರೀತಿದ್ರೂ ನಿಂಗೆ ಗೊತ್ತಾಗಲ್ಲ. ಹೊಟ್ಟೇಲಿ ಹುಣ್ಣಾದ್ರೆ? ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಹೋಗ್ಲೇಬೇಕು."

"ಬೀಗರ ಮುಂದೆ ಕೈ ಎತ್ತೋಕಾಗದೆ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಕೈ ಎತ್ತೋಕಾಗದೆ ಹೋದ್ರೆ ಉಳಿ ಯಾವುದರಲ್ಲಿ ಹಿಡೀತೀಯ?"

ಅಪ್ಪ ಜೇಬಿನಿಂದ ಒಂದೇ ಒಂದು ಮಾತ್ರೆ ಉಳಿದಿದ್ದ ಸ್ಟ್ರಿಪ್ ತೆಗೆದು ಗಾಜಿನ ಮೇಲಿಟ್ಟ. "ಇದನ್ನೂ ನೀನೇ ಇಟ್ಕೋ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡ."

ಅಂಗಡಿಯನ್ನು ಜೊತೆಯವಳಿಗೆ ಒಪ್ಪಿಸಿ ಅವಳು ಆಟದ ಹಾಲ್‌ಗೆ ಓಡಿದಳು. ಮೊದಲ ಗೇಮ್ ಮಾವನಿಗೆ, ಎರಡನೆಯದು ಅಪ್ಪನಿಗೆ. ಇಬ್ಬರೂ ನೋವು ನುಂಗಿ ಹುಲಿಗಳಂತೆ ಮುಖ ಮಾಡಿಕೊಂಡು ಆಡುತ್ತಿದ್ದರು. ಮೂರನೇ ಗೇಮ್‌ನಲ್ಲಿ ಷಟಲ್ ನೆಟ್ಟಿಗೆ ಬಡಿದು ಕೆಳಗೆ ಬಿತ್ತು. ಎತ್ತಿಕೊಳ್ಳಲು ಎರಡೂ ಕಡೆಯಿಂದ ಇಬ್ಬರೂ ಬಗ್ಗಿದರು. ಎರಡು ಬಾಯಿಂದಲೂ ಒಟ್ಟಿಗೇ "ಅಯ್ಯಮ್ಮಾ!" ಹೊರಬಿತ್ತು.

ನೆಟ್ಟಿನ ಕಿಂಡಿಗಳಲ್ಲಿ ಮುಖ ಮುಖ ನೋಡಿಕೊಂಡರು.

"ಬೀಗರೇ, ನಿಮಗೂ ಕೊಡಲಿಲ್ವಾ?"

"ಹಂಗಾದ್ರೆ ನಿಮಗೂ ಇಲ್ವಾ?"

ಇಬ್ಬರೂ ಬೆಂಚಿನತ್ತ ತಿರುಗಿದರು. ಅವಳು ಚಾವಣಿಯ ಫ್ಯಾನುಗಳನ್ನು ಎಣಿಸುತ್ತಿದ್ದಳು. ಮಾವ ನಕ್ಕು ನಕ್ಕು ಕಂಬ ಹಿಡಿದುಕೊಂಡರೆ, ಅಪ್ಪ ನೆಲದ ಮೇಲೇ ಕೂತುಬಿಟ್ಟ. ಅಲ್ಲಿಂದ ಆಟದ ರಂಗೇ ಬೇರೆಯಾಯಿತು. "ಎಡಕ್ಕೆ ಹಾಕ್ಬೇಡಿ ಬೀಗರೇ, ಮೊಣಕಾಲು!" ಎಂದು ಮಾವ ಕೂಗುವುದು, "ತಿಳಿಸಿದ್ದಕ್ಕೆ ಥ್ಯಾಂಕ್ಸ್!" ಎಂದು ಅಪ್ಪ ಎಡಕ್ಕೇ ಹಾಕುವುದು. ನೋಡುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹದಿನೆಂಟು–ಹದಿನೆಂಟು. ಷಟಲ್ ಎತ್ತರಕ್ಕೆ ಬಂತು. ಸ್ಮ್ಯಾಶ್ ಹೊಡೆಯಲು ಎತ್ತಿದ ಅಪ್ಪನ ಕೈ ಅರ್ಧಕ್ಕೇ ನಿಂತಿತು. ಷಟಲ್ ಅವನ ಪಕ್ಕದಲ್ಲೇ ಬಿತ್ತು. ಮಗಳು ಎದ್ದು ನಿಂತಳು.

"ಸಾಕು ಬೀಗರೇ," ಎಂದ ಅಪ್ಪ, ಭುಜ ಹಿಡಿದುಕೊಂಡು. "ಎಷ್ಟು ದಿನದಿಂದ ಕೂಗ್ತಿತ್ತೋ ಏನೋ. ಇವತ್ತು ಕೇಳಿಸ್ತು."

ರೆಫರಿ ಕಪ್ ತಂದು ಮಾವನ ಕೈಗಿಡಲು ಹೋದ. ಮಾವ ಕುಂಟುತ್ತಾ ನೆಟ್ಟಿನ ಕೆಳಗೆ ನುಸುಳಿ ಬಂದು, "ಕಪ್ ಆಮೇಲೆ ಕೊಡಪ್ಪಾ, ಮೊದಲು ಎರಡು ಕುರ್ಚಿ ತಾ," ಎಂದರು. ಇಬ್ಬರೂ ಅಕ್ಕಪಕ್ಕ ಕೂತರು. ಅವಳು ಆ ಕಪ್ಪಿಗೇ ನೀರು ತುಂಬಿ ಕೊಟ್ಟಳು. ಒಬ್ಬರಾದ ಮೇಲೆ ಒಬ್ಬರು ಗಟಗಟ ಕುಡಿದರು.

ಮರುದಿನ ಬೆಳಿಗ್ಗೆ ಅವಳು ಇಬ್ಬರನ್ನೂ ಡಾಕ್ಟರ ಬಳಿ ಕರೆದೊಯ್ದಳು. ನರ್ಸ್ ಬಾಗಿಲಿನಿಂದ ತಲೆ ಹಾಕಿ, "ಒಬ್ಬೊಬ್ಬರೇ ಬನ್ನಿ. ಇಬ್ಬರಲ್ಲಿ ನೋವು ಯಾರಿಗೆ ಜಾಸ್ತಿ?" ಎಂದು ಕೇಳಿದಳು.

ಬೀಗರಿಬ್ಬರೂ ಬೆಂಚಿನಿಂದ ಒಟ್ಟಿಗೇ ಎದ್ದರು. "ನಂಗೆ!"